ಎಡಸಾಲಿನ ಹಲ್ಲುಗಳು

ಮಾವಶಿಯ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು, ಹಳೆಯ ಈಳಿಗೆ ಮಣೆಯ ಮೇಲೆ ಇರುತ್ತವಲ್ಲ, ಹಾಗೆ. ಮರ ಕೊಯ್ಯುವ ಮಷೀನಿನ ಚೈನಿಗೆ ಅರ ಹಾಕಿದ ಮೇಲೆ ಒಂದೊಂದು ಹಲ್ಲನ್ನೂ ಆ ಉಗುರಿಗೆ ಮೆಲ್ಲಗೆ ತಾಗಿಸಿ ನೋಡುವುದು ಅವಳ ರೂಢಿ. ಹಲ್ಲು ಜಾರಿದರೆ ಇನ್ನೂ ಮೊಂಡು, ಕಚ್ಚಿ ನಿಂತರೆ ಹರಿತ. ಕನ್ನಡಕ ಮಾಡಿಸಿಕೊಡುತ್ತೇನೆ ಎಂದು ಮಗಳು ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ. "ಕಣ್ಣು ಸುಳ್ಳು ಹೇಳ್ತಾವ. ಉಗುರು ಹೇಳಾಂಗಿಲ್ಲ" ಎನ್ನುತ್ತಿದ್ದಳು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಸಿದ್ದಿಗಳ ಕೇರಿಯಲ್ಲಿ ಕೊನೆಯ ಮನೆ ಅವಳದು. ಜಗುಲಿಯ ಗೋಡೆಗೆ ಒಂದು ಶಿಲುಬೆ, ಅದರೆದುರು ನೆಲಕ್ಕೆ ಹೂತ ಒಂದು ಕೊರಡು. ಕೊರಡಿನ ನೆತ್ತಿಯಲ್ಲಿ ಒಂದು ಸೀಳು. ಚೈನು ಸುತ್ತುವ ಉದ್ದನೆಯ ಪಟ್ಟಿಯನ್ನು ಆ ಸೀಳಿಗೆ ಇಳಿಸಿ ಬೆಣೆ ಹೊಡೆದರೆ ಅದು ಅಲುಗಾಡುತ್ತಿರಲಿಲ್ಲ. ಕೇರಿಯ ಮಕ್ಕಳು, ಲಾರಿಯವರು, ನಮ್ಮಂಥ ಮರ ಕೊಯ್ಯುವವರು, ಎಲ್ಲರಿಗೂ ಅವಳು ಮಾವಶಿಯೇ, ಅಂದರೆ ಚಿಕ್ಕಮ್ಮ. ಮೊದಮೊದಲು ನಾನು 'ನೀವು' ಎನ್ನುತ್ತಿದ್ದೆ. "ನೀವು ಗೀವು ಸಾಹೇಬ್ರಿಗೆ ಅನ್ನು. ನಾ ಏನ್ ಖುರ್ಚಿ ಮ್ಯಾಲೆ ಕುಂತೇನೇನು?" ಎಂದು ಬೈಸಿಕೊಂಡ ಮೇಲೆ ಬಿಟ್ಟೆ.

ನನ್ನ ಊರು ಮುಂಡಗೋಡ ಕಡೆಯ ಇಂದೂರ. ಹೊಲದ ಕೆಲಸಕ್ಕೆ ಅಣ್ಣಂದಿರೇ ಸಾಕಾಗಿದ್ದರು. ನಾನು ಹಳಿಯಾಳಕ್ಕೆ ಬಂದು ಒಬ್ಬ ಮೇಸ್ತ್ರಿಯ ಗ್ಯಾಂಗು ಸೇರಿದೆ. ಮಳೆಗಾಲದಲ್ಲಿ ರಸ್ತೆಗೂ ಕರೆಂಟಿನ ತಂತಿಗೂ ಬಿದ್ದ ಮರಗಳನ್ನು ಕೊಯ್ದು ಸರಿಸುವುದು, ಬೇಸಿಗೆಯಲ್ಲಿ ಪರವಾನಗಿ ಸಿಕ್ಕ ಮರಗಳನ್ನು ಕೆಡವುವುದು ನಮ್ಮ ಕೆಲಸ. ಮಷೀನು ಹಿಡಿದು ಹಿಡಿದು ಸಂಜೆಗೆ ಬೆರಳುಗಳು ಜುಮ್ಮೆನ್ನುತ್ತವೆ, ಚಹಾದ ಲೋಟ ಹಿಡಿದರೆ ಚಹಾ ಕುಣಿಯುತ್ತದೆ. ಸೊಂಟದ ಮಾತು ಬೇಡವೇ ಬೇಡ. ಈ ಕಸುಬಿನಲ್ಲಿ ವಯಸ್ಸಾಗುವುದು ಮೊದಲು ಸೊಂಟಕ್ಕೆ, ಆಮೇಲೆ ಮನುಷ್ಯನಿಗೆ. ದಣಿದು ದಣಿದು ದಣಿವೇ ಮೈಯ ಸಹಜ ಸ್ಥಿತಿ ಅನ್ನಿಸಿಬಿಟ್ಟಿದ್ದ ಕಾಲದಲ್ಲಿ ಮೇಸ್ತ್ರಿ ನನ್ನನ್ನು ಮಾವಶಿಯ ಜಗುಲಿಗೆ ಕರೆದುಕೊಂಡು ಹೋದ.

ಅವಳು ನನ್ನ ಮುಖ ನೋಡಲಿಲ್ಲ. ಚೈನು ನೋಡಿದಳು.

"ಇದರಿಂದ ಜಂಬಿ ಕೊಯ್ದಿ?"

ಹೌದೆಂದೆ. ಜಂಬೆ ಎಂದರೆ ನಮ್ಮ ಕಡೆಯ ಕಾಡಿನ ಕಬ್ಬಿಣ.

"ನೀ ಕೊಯ್ದಿಲ್ಲ, ತಿಕ್ಕೀದಿ. ಹಲ್ಲು ಹರಿತ ಇದ್ರ ಮಷೀನು ದುಡೀತೈತಿ. ಮೊಂಡಿದ್ರ ನಿನ್ನ ಬೆನ್ನು ದುಡೀತೈತಿ. ಎಷ್ಟು ದಿನ ದುಡಿಸ್ತಿ ಅದನ್ನ?"

ಮರುದಿನ, ಅವಳು ಅರ ಹಾಕಿಕೊಟ್ಟ ಮೇಲೆ, ಅದೇ ಚೈನು ಜಂಬೆಯೊಳಕ್ಕೆ ತಾನಾಗಿ ಇಳಿಯಿತು. ನಾನು ಒತ್ತಲೇ ಇಲ್ಲ, ಬರೀ ಹಿಡಿದುಕೊಂಡಿದ್ದೆ. ಅವತ್ತು ರಾತ್ರಿ ಹೆಂಡತಿಯ ಕೂಡ ಸಿಡಿಮಿಡಿಯಿಲ್ಲದೆ ಮಾತಾಡಿದೆ. ಅವಳಿಗೇ ಆಶ್ಚರ್ಯವಾಯಿತು.

ಮಾವಶಿಯದೊಂದು ಕಟ್ಟಳೆ ಇತ್ತು. ಚೈನು ತರುವವರು ಆ ಚೈನಿನಿಂದ ಕೊಯ್ದ ಮರದ ಒಂದು ತೆಳ್ಳನೆಯ ಬಿಲ್ಲೆಯನ್ನೂ ಒಂದು ಹಿಡಿ ಹೊಟ್ಟನ್ನೂ ತರಬೇಕು. ತರದವರಿಗೆ ಚಹಾ ಇಲ್ಲ. ಹೊಟ್ಟನ್ನು ಅಂಗೈಯಲ್ಲಿ ಹರಡಿ ನೋಡುತ್ತಿದ್ದಳು. "ಅವಲಕ್ಕಿ ಹಂಗ ಬಿದ್ರ ಹಲ್ಲು ಜೀವಂತ ಐತಿ. ಹಿಟ್ಟಿನ ಹಂಗ ಬಿದ್ರ ಸತ್ತೈತಿ." ಆಮೇಲೆ ಬಿಲ್ಲೆಯ ಮೇಲೆ ಅಂಗೈ ಆಡಿಸುವುದು. ಚೈನಿನಲ್ಲಿ ಹಲ್ಲುಗಳು ಎರಡು ಸಾಲು, ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡೂ ಸಾಲು ಸಮನಾಗಿ ಹರಿತವಿದ್ದರೆ ಬಿಲ್ಲೆ ಮಣೆಯಂತೆ ಮಟ್ಟಸ. ಒಂದು ಸಾಲು ಮೊಂಡಾಯಿತೋ, ಪಟ್ಟಿ ಇನ್ನೊಂದು ಕಡೆಗೆ ಎಳೆಯುತ್ತದೆ. ಆಗ ಬಿಲ್ಲೆ ಒಣ ರೊಟ್ಟಿಯ ಹಾಗೆ ಬಾಗಿ ಬರುತ್ತದೆ. ನೋಡಿ ಮುಗಿದ ಬಿಲ್ಲೆ ಒಲೆಗೆ ಹೋಗುತ್ತಿತ್ತು. ಅದರ ಮೇಲೆಯೇ ನಮ್ಮ ಚಹಾ ಕುದಿಯುತ್ತಿತ್ತು.

ಅರ ಹಾಕುವಾಗ ಎಡಸಾಲಿಗೆ ಎಡಗೈ, ಬಲಸಾಲಿಗೆ ಬಲಗೈ. ಅಷ್ಟು ಸರಾಗವಾಗಿ ಎರಡೂ ಕೈ ನಡೆಯುವವರನ್ನು ನಾನು ಬೇರೆ ಕಂಡಿಲ್ಲ. ನಮ್ಮ ಕಡೆ ಅರಕ್ಕೆ ಕಾನಸ ಅನ್ನುತ್ತಾರೆ. "ಕಾನಸ ಹೋಗುಮುಂದ ಒತ್ತು, ಬರುಮುಂದ ಎತ್ತು. ಹಿಂದ ಮುಂದ ತಿಕ್ಕಾಕ ಅದೇನು ಮುಸರಿ ಪಾತ್ರೆ?" ಎಂದು ಹುಡುಗರನ್ನು ಗದರುತ್ತಿದ್ದಳು. ಗಟ್ಟಿ ಮರಕ್ಕೆ ಹೋಗುವ ಚೈನಾದರೆ ಅರದ ಓರೆಯನ್ನು ಚೂರು ತಗ್ಗಿಸುತ್ತಿದ್ದಳು. ತೀರಾ ತೆಳ್ಳಗಿನ ಹಲ್ಲು ಜಂಬೆಯಲ್ಲಿ, ಮತ್ತಿಯಲ್ಲಿ ನಿಲ್ಲುವುದಿಲ್ಲ, ಮಡಚಿಕೊಳ್ಳುತ್ತದೆ. ಪೇಟೆಯಲ್ಲಿ ಕರೆಂಟಿನ ಚಕ್ರಕ್ಕೆ ಹಿಡಿದು ಚಿಟಿಕೆ ಹೊಡೆಯುವುದರಲ್ಲಿ ಮಾಡಿಕೊಡುವವರಿದ್ದಾರೆ. ಕಾಯ್ದು ನೀಲಿಯಾದ ಹಲ್ಲು ಮಧ್ಯಾಹ್ನಕ್ಕೆ ಮತ್ತೆ ಮೊಂಡು. ಅದಕ್ಕೇ ನಾವು ಎಷ್ಟೇ ದಣಿದಿದ್ದರೂ ಬೈಕು ತಿರುಗಿಸಿಕೊಂಡು ಅವಳ ಜಗುಲಿಗೆ ಹೋಗುತ್ತಿದ್ದೆವು.

ಅವಳ ಗಂಡನೂ ಮರ ಕೊಯ್ಯುವವನೇ. ಅವಸರದ ಮನುಷ್ಯನಂತೆ. ಒಂದೇ ಸಾಲಿಗೆ ನಾಲ್ಕು ಸಲ ಅರ ಎಳೆದುಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದ. ಮರ ಕೆಡವುವಾಗ ಕೊನೆಗೆ ಸ್ವಲ್ಪ ಕಟ್ಟಿಗೆಯನ್ನು ಕೊಯ್ಯದೆ ಉಳಿಸಬೇಕು, ಅದೇ ಮರಕ್ಕೆ ಬಾಗಿಲ ಕೀಲು ಇದ್ದಂತೆ. ಒಂದು ದಿನ ಪಟ್ಟಿ ಒಳಗೊಳಗೇ ಸೊಟ್ಟಗೆ ಓಡಿ ಆ ಕೀಲಿನ ಒಂದು ತುದಿಯನ್ನು ತಿಂದುಬಿಟ್ಟಿತು. ಮರ ತಿರುಗಿ ಬಿತ್ತು, ಅವನ ಕಾಲು ಹೋಯಿತು. ಸಾಯುವವರೆಗೂ ಆ ಮನುಷ್ಯ ಜಗುಲಿಯಿಂದ ಇಳಿಯಲಿಲ್ಲ. ಅವನು ಹಾಸಿಗೆ ಹಿಡಿದ ಮೇಲೆ ಮಾವಶಿ ಅರ ಹಿಡಿದಳು. ಮೊದಲು ಅವನ ಗೆಳೆಯರ ಚೈನುಗಳು, ಆಮೇಲೆ ಊರಿನವರೆಲ್ಲರದು. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಅದೂ ನಾನು ಬಿಲ್ಲೆ ತರಲು ಬೇಸರಪಟ್ಟ ದಿನ.

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಅವಳ ಎಡ ಭುಜ ಹಿಡಿದುಕೊಂಡಿತು. ಸೆರಗು ಹೊದೆಯುವಾಗ ಕೈ ಮೇಲೇಳುತ್ತಿರಲಿಲ್ಲ, ಅರ ಹಾಕಿದ ಮೇಲೆ ಉಗುರು ತಾಗಿಸಿ ನೋಡುವುದೂ ನಿಂತಿತ್ತು. ಕೇಳಿದರೆ "ಗಾಳಿ ಹಿಡದೈತಿ, ಬಿಡ್ತೈತಿ" ಎನ್ನುವಳು. ಒಂದು ಭಾನುವಾರ ಮೌಳಂಗಿಯ ದಾರಿಗೆ ಒಂದು ಮತ್ತಿ ಮರ ಅಡ್ಡ ಬಿತ್ತು. ಎರಡೂ ಕಡೆ ತಿರುಗಾಟಕ್ಕೆ ಬಂದವರ ಕಾರುಗಳು, ಒಂದೇ ಸಮನೆ ಹಾರ್ನು. ಹಿಂದಿನ ದಿನವಷ್ಟೇ ಮಾವಶಿ ಅರ ಹಾಕಿಕೊಟ್ಟ ಚೈನು ನನ್ನ ಕೈಯಲ್ಲಿತ್ತು. ಕೊಯ್ಯುತ್ತಾ ಹೋದಂತೆ ಪಟ್ಟಿ ಬಲಕ್ಕೆ ಬಲಕ್ಕೆ ಎಳೆಯಿತು. ಕೊನೆಗೆ ಸಿಕ್ಕಿಕೊಂಡು ನಿಂತಿತು. ಮೇಸ್ತ್ರಿ ಬಂದು ಹಲ್ಲು ಮುಟ್ಟಿ ನೋಡಿದ. ಎಡಸಾಲು ಮೊಂಡಾಗಿತ್ತು. ಅವನು ಕಿಸೆಯಿಂದ ಅರ ತೆಗೆದು ಎಡಸಾಲಿನ ಹಲ್ಲಿಗಷ್ಟೇ ಹಾಕಿದ.

"ಮುದುಕಿಗೆ ಹೇಳಬ್ಯಾಡ್ರಿ. ಆ ಕೆಲಸ ಬಿಟ್ರ ಆಕಿಗೆ ಏನೈತಿ?" ಎಂದ ಎಲ್ಲರಿಗೂ.

ಅಲ್ಲಿಂದ ಮುಂದೆ ಅದೇ ನಡೆಯಿತು. ಅವಳ ಕೈಯಿಂದ ಬಂದ ಚೈನಿನ ಎಡಸಾಲನ್ನು ಮೇಸ್ತ್ರಿ ಕಾಡಿನಲ್ಲಿ ಗುಟ್ಟಾಗಿ ತಿದ್ದುವುದು, ನಾವು ಮಟ್ಟಸವಾದ ಬಿಲ್ಲೆ ತೆಗೆದುಕೊಂಡು ಹೋಗುವುದು, ಅವಳು ಅಂಗೈ ಆಡಿಸಿ ತಲೆದೂಗುವುದು. ಒಳ್ಳೆಯದೇ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವು. ಆದರೆ ಮಟ್ಟಸದ ಬಿಲ್ಲೆ ಒಲೆಯಲ್ಲಿ ಉರಿಯುವಾಗ ಆ ಚಹಾ ನನಗೆ ಸೇರುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಒಂದು ಸಂಜೆ ಅವಳು ನನ್ನ ಚೈನನ್ನು ಕೊರಡಿಗೆ ಹಾಕಿಕೊಂಡವಳು ಅರ ಮುಟ್ಟಲೇ ಇಲ್ಲ. ಎಡಸಾಲಿನ ಹಲ್ಲುಗಳನ್ನು ಒಂದೊಂದಾಗಿ ಉಗುರಿಗೆ ತಾಗಿಸುತ್ತಾ ಹೋದಳು. ಮೇಸ್ತ್ರಿಯೂ ಅಲ್ಲೇ ಕೂತಿದ್ದ.

"ಈ ಸಾಲು ಸಣ್ಣ ಆಗೈತಿ. ಓರೆ ಬ್ಯಾರೆ ಐತಿ. ಇದು ನನ್ನ ಕಾನಸ ಅಲ್ಲ" ಎಂದಳು. "ಯಾರದು?"

ಮೇಸ್ತ್ರಿ ನೆಲ ನೋಡುತ್ತಾ, "ನಂದು, ಮಾವಶಿ" ಎಂದ.

"ಎಂದಿನಿಂದ?"

"ಮಳಿಗಾಲದಿಂದ."

ನಾನು ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಅವಳು ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಬೇರೆಯವರ ಕೂಸನ್ನು ಇಟ್ಟುಕೊಂಡ ಹಾಗೆ.

"ನನ್ನ ಗಂಡನ ಕಾಲು ಹೋಗಿದ್ದು ಹಿಂಗ. ನಿಮಗ ಗೊತ್ತಿತ್ತು. ಮುದುಕಿಗೆ ಹೇಳಾಕ ನಿಮಗ ನಾಚಿಕಿ ಬಂತು. ಮರಕ್ಕ ನಾಚಿಕಿ ಐತೇನು? ಒಂದು ದಿನ ಮೇಸ್ತ್ರಿ ಬರಲಿಲ್ಲ ಅನ್ನು. ಯಾರ ಮ್ಯಾಲೆ ಬೀಳ್ತಿತ್ತದು?"

ನನ್ನ ಕಡೆ ನೋಡಿದಳು. ಮೇಸ್ತ್ರಿ ಬಾರದ ದಿನ ತಿದ್ದದ ಚೈನು ಹಿಡಿದು ಮರಕ್ಕೆ ಹೋಗುವವನು ನಾನೇ. ಅವಳ ಕಣ್ಣಲ್ಲಿ ನೀರಿತ್ತು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾವು ಉಳಿಸಲು ಹೊರಟದ್ದು ಅವಳ ಮಾನವನ್ನು. ಅವಳು ಅಷ್ಟು ವರ್ಷ ಕೂತು ಉಳಿಸುತ್ತಿದ್ದುದು ನಮ್ಮ ಕಾಲುಗಳನ್ನು.

"ಆ ಕಡೆ ಕುಂಡ್ರು" ಎಂದಳು ನನಗೆ, ಕೊರಡಿನ ಆಚೆ ಬದಿ ತೋರಿಸಿ. "ಇವತ್ತಿನಿಂದ ಎಡಸಾಲು ನಿಂದು. ಬಲಸಾಲು ನಂದು. ನಾ ಇರೂತನಕ ಬಲಸಾಲಿಗೆ ಕೈ ಹಚ್ಚಬ್ಯಾಡ."

ಹೀಗೆ ಒಂದು ಚೈನಿಗೆ ಇಬ್ಬರು ಕೂರತೊಡಗಿದೆವು. ಅವಳು ಒಂದು ಹಲ್ಲು, ನಾನು ಒಂದು ಹಲ್ಲು. ನನ್ನ ಸರದಿ ಮುಗಿದಾಗಲೆಲ್ಲ ಅವಳ ಬಲಗೈ ಹೆಬ್ಬೆರಳು ಕೊರಡು ದಾಟಿ ಬರುತ್ತಿತ್ತು. "ಮೊಂಡು" ಎಂದರೆ ಮತ್ತೆ ಹಾಕಬೇಕು. ಏನೂ ಅನ್ನದಿದ್ದರೆ ಮುಂದಕ್ಕೆ ಹೋಗಬಹುದು. ಮೆಚ್ಚುಗೆ ಅಂತ ಒಂದು ಮಾತು ಬಂದದ್ದು ನೆನಪಿಲ್ಲ. ದಿನವಿಡೀ ಮಷೀನು ಹಿಡಿದ ಕೈಗೆ ಆ ಕೆಲಸ ಸಾಕುಸಾಕಾಗುತ್ತಿತ್ತು. ಅವಳಿಗೂ ಸಾಕಾಗುತ್ತಿತ್ತು, ಅದು ಅವಳ ಉಸಿರಿನಲ್ಲಿ ಕೇಳುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಒಂದರ ಹಿಂದೆ ಒಂದು ಗುಡುಗಿಕೊಂಡು ಹೋಗುವಾಗ ಮಾತು ಕೇಳಿಸುತ್ತಿರಲಿಲ್ಲ. ಇಬ್ಬರು ದಣಿದವರು ಎದುರುಬದುರು ಕೂತು ಸುಮ್ಮನೆ ಅರ ಎಳೆಯುತ್ತಿದ್ದೆವು.

ಒಮ್ಮೆ ಅವಳೇ ಮಾತು ತೆಗೆದಳು. "ನಾ ಹೋದ ಮ್ಯಾಲೆ ನನ್ನ ಪೆಟ್ಟಿಗಿಗೆ ಸಾಗವಾನಿ ಪಾಗವಾನಿ ತರಬ್ಯಾಡ್ರಿ. ಮಾವಿನ ಹಲಗಿ ಸಾಕು. ಹೊರಾವ್ರು ನೀವು. ನಿಮ್ಮ ಬೆನ್ನು ನನಗ ಗೊತ್ತೈತಿ."

"ಸುಮ್ನಿರು ಮಾವಶಿ" ಎಂದೆ.

"ನಾ ಸುಮ್ನ ಆದ ಮ್ಯಾಲೆ ಹೇಳಾಕ ಬರ್ತೈತೇನು?" ಎಂದು ನಕ್ಕಳು.

ಈ ವರ್ಷ ಬೇಸಿಗೆಯಲ್ಲಿ ಹೋದಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಮಾವಿನ ಹಲಗೆಯನ್ನೇ ತಂದೆವು. ಹೊತ್ತುಕೊಂಡು ಹೋಗುವಾಗ ಪೆಟ್ಟಿಗೆ ನಿಜಕ್ಕೂ ಹಗುರವಾಗಿತ್ತು. ಮೇಸ್ತ್ರಿ ದಾರಿಯುದ್ದಕ್ಕೂ ಅಳುತ್ತಿದ್ದ. ನನಗೆ ಅಳು ಬರಲಿಲ್ಲ. ಮೈ ಬರೀ ದಣಿದಿತ್ತು.

ಮೊದಲ ಮಳೆಗೆ ದಾಂಡೇಲಿ ರಸ್ತೆಗೆ ಒಂದು ಜಂಬೆ ಬಿತ್ತು. ನನ್ನ ಮಷೀನಿನಲ್ಲಿ ಇದ್ದದ್ದು ಮಾವಶಿಯೂ ನಾನೂ ಕೊನೆಯದಾಗಿ ಅರ ಹಾಕಿ ಎತ್ತಿಟ್ಟಿದ್ದ ಚೈನು. ಅದು ತನ್ನಷ್ಟಕ್ಕೆ ಒಳಗಿಳಿಯಿತು, ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ಹೊಟ್ಟು ಅವಲಕ್ಕಿಯಂತೆ ಉದುರಿತು. ಸಂಜೆ ಹೊತ್ತಿಗೆ ಚೈನು ಮೊಂಡಾಯಿತು. ಒಂದು ಬಿಲ್ಲೆ ಕೊಯ್ದುಕೊಂಡೆ, ಹಿಡಿ ಹೊಟ್ಟು ಕಿಸೆಗೆ ಹಾಕಿಕೊಂಡೆ, ಬೈಕು ಹತ್ತಿದೆ. ಕೇರಿಯ ತಿರುವಿನಲ್ಲಿ ಬೈಕು ತಿರುಗಿಸಿದ ಮೇಲೆ ನೆನಪಾಯಿತು, ಅವಳಿಲ್ಲ.

ಹಿಂದಕ್ಕೆ ಹೋಗಲು ಮನಸ್ಸಾಗಲಿಲ್ಲ. ಜಗುಲಿಗೆ ಬಂದೆ. ಅವಳ ಮಗಳು ಹೊರಗೆ ಬಂದು ಬಿಲ್ಲೆ ತೆಗೆದುಕೊಂಡು ಅದರ ಮೇಲೆ ಅಂಗೈ ಆಡಿಸಿದಳು.

"ಮಟ್ಟಸ ಐತಿ. ಕುಂಡ್ರು, ಚಹಾ ಇಡ್ತೇನಿ" ಎಂದು ಒಳಗೆ ಹೋದಳು.

ಪಟ್ಟಿಯನ್ನು ಕೊರಡಿಗೆ ಇಳಿಸಿ ಬೆಣೆ ಹೊಡೆದೆ. ನನ್ನ ಜಾಗದಲ್ಲಿ ಕೂತು ಎಡಸಾಲು ಮುಗಿಸಿದೆ. ಪ್ರತಿ ಹಲ್ಲಿಗೂ ನನ್ನದೇ ಉಗುರು ತಾಗಿಸಿದೆ. ಎದುರುಗಡೆಯಿಂದ ಹೆಬ್ಬೆರಳು ಬರುತ್ತದೇನೋ ಎಂದು ಪ್ರತಿ ಸಲವೂ ಒಂದು ಕ್ಷಣ ನಿಂತೆ. ಬಲಸಾಲು ಹಾಗೇ ಉಳಿಯಿತು. ಅದನ್ನು ಹಾಗೇ ಬಿಟ್ಟು ನಾಳೆ ಮರಕ್ಕೆ ಹೋಗುವಂತಿರಲಿಲ್ಲ, ಅದನ್ನು ಕಲಿಸಿದವಳೇ ಅವಳು. ಒಳಗೆ ಬಿಲ್ಲೆ ಉರಿ ಹತ್ತಿದ ವಾಸನೆ ಬಂತು. ಅಷ್ಟು ದಿನ ಬಾರದ ಅಳು ಆಗ ಬಂತು.

ತೋಳಿನಿಂದ ಮುಖ ಒರೆಸಿಕೊಂಡು, ಎದ್ದು ಕೊರಡನ್ನು ಸುತ್ತಿ ಆಚೆಗೆ ಹೋಗಿ, ಅವಳ ಜಾಗದಲ್ಲಿ ಕೂತೆ.