ಅಮಾವಾಸ್ಯೆಯ ದಿನ ಲೋಕ ನೋಡಿದವರು

ಏನನ್ನಾದರೂ ನೋಡಬೇಕಾದರೆ ಪೆದ್ದಮ್ಮ ಮುಖವನ್ನು ಎಡಕ್ಕೆ ತಿರುಗಿಸಿ, ಬಲಗಣ್ಣನ್ನು ಮಾತ್ರ ಮುಂದಿಟ್ಟು, ಕಾಳು ಕಂಡ ಕೋಳಿಯ ಹಾಗೆ ನೋಡುತ್ತಿದ್ದರು. ಎಡಗಣ್ಣು ಎಂದೋ ಆರಿಹೋಗಿತ್ತು. ಬೀದಿಯ ಮಕ್ಕಳು ಅವರ ಎದುರಿಗೇ ಕತ್ತು ತಿರುಗಿಸಿ ಅಣಕಿಸುತ್ತಿದ್ದವು. "ಇನ್ನೊಂಚೂರು ಓರೆ ಮಾಡ್ರೋ, ಸರಿಯಾಗಿ ಬಂದಿಲ್ಲ" ಎಂದು ಅವರೇ ತಿದ್ದುತ್ತಿದ್ದರು.

ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಮ್ಮದು ಮಗ್ಗದ ಮನೆಯಲ್ಲ, ಅಪ್ಪ ಬಸ್ ಕಂಡಕ್ಟರ್. ಆದರೂ ಗೋಡೆಯಾಚೆ ಲಾಳಿ ಓಡುವ ಸದ್ದು ಕೇಳದೆ ನನಗೆ ಓದು ಹತ್ತುತ್ತಿರಲಿಲ್ಲ. ಅವರದು ತೆಲುಗು ಮನೆಮಾತು. ಹಾಗಾಗಿ ಬೀದಿಗೆಲ್ಲ ಅವರು ಪೆದ್ದಮ್ಮ, ಅಂದರೆ ದೊಡ್ಡಮ್ಮ. ನನ್ನನ್ನು 'ಪಾಪ', ಅಂದರೆ ಪುಟ್ಟ ಹುಡುಗಿ, ಎಂದು ಕರೆಯುತ್ತಿದ್ದರು. ಚಳ್ಳಕೆರೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಕೆಲಸ ಸಿಕ್ಕ ಮೇಲೂ, ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡ ಮೇಲೂ ನಾನು ಪಾಪವೇ.

ಬಾಯಿ ಜೋರು. ಕೈ ಅದಕ್ಕಿಂತ ಜೋರು. ಸೀರೆಯ ಒಡಲಿಗೊಂದು, ಎರಡು ಅಂಚಿಗೆ ಎರಡು ಎಂದು ಮೂರು ಲಾಳಿ ಓಡಿಸುತ್ತ, ಜೊತೆಗೆ ನಮ್ಮಮ್ಮನ ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ವಾಸನೆಯಿಂದಲೇ ಹೇಳುತ್ತಿದ್ದರು. ಎಂಥ ಆರ್ಡರ್ ಇರಲಿ, ಅಮಾವಾಸ್ಯೆಯ ದಿನ ಮಾತ್ರ ಅವರು ಮಗ್ಗ ಮುಟ್ಟಿದವರಲ್ಲ. ನಮ್ಮ ಬೀದಿಯಲ್ಲಿ ಭಾನುವಾರಕ್ಕೆ ಬೆಲೆಯಿಲ್ಲ, ರಜೆ ಎಂದರೆ ಅಮಾವಾಸ್ಯೆ. ಅವಸರಕ್ಕೆ ಬಿದ್ದು ಯಾರಾದರೂ ಅವತ್ತು ನೇಯಲು ಕೂತರೆ "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಗೋಡೆ ಕೇಳುವಂತೆ ಹೇಳುತ್ತಿದ್ದರು. ಅವತ್ತು ಮಗ್ಗ ತೊಳೆದು, ಕುಂಕುಮ ಇಟ್ಟು, ಮೇಲೆ ಬಿಳಿ ಪಂಚೆ ಹೊದಿಸಿದರೆಂದರೆ ಮುಗಿಯಿತು. ಆಮೇಲೆ ಅವರನ್ನು ಮನೆಯಲ್ಲಿ ಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಚಳ್ಳಕೆರೆಯ ಸಿನಿಮಾ, ಸಿದ್ದಾಪುರದ ಬಂಡೆಯ ಮೇಲಿನ ಅಶೋಕನ ಶಾಸನ, ಕೊಂಡ್ಲಹಳ್ಳಿಯ ನೆಂಟರ ಮನೆ, ಎಲ್ಲ ಅಂದೇ. "ನಾನು ಲೋಕ ನೋಡಿರೋದೆಲ್ಲ ಅಮಾಸೆ ದಿನವೇ ಪಾಪ" ಎನ್ನುತ್ತಿದ್ದರು. ಅದು ಸತ್ಯ.

ಒಂದು ದಿನ ಅವರನ್ನು ಚಳ್ಳಕೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಒಳಗಿನ ಪರದೆಯನ್ನು ತಿಂದಿದೆ, ಬಲಗಣ್ಣೂ ಉಳಿಯುವುದು ಕಷ್ಟ, ವರ್ಷದ ಮೇಲೆ ಹೇಳಲಾಗದು ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಪೆದ್ದಮ್ಮ ಕಿಟಕಿ ಪಕ್ಕ ಕೂತು, ಎಣ್ಣೆ ಮಿಲ್ಲುಗಳು, ಕಡಲೆಕಾಯಿ ಒಣಹಾಕಿದ ಕಣಗಳು, ಗುಡ್ಡಗಳು ಹಿಂದೆ ಸರಿಯುವುದನ್ನು ಕತ್ತು ತಿರುಗಿಸಿ ನೋಡುತ್ತಲೇ ಇದ್ದರು. ನಾನು ಅತ್ತ ತಿರುಗಿ ಕಣ್ಣೊರೆಸಿಕೊಂಡೆ.

ಅದಾದ ಸ್ವಲ್ಪ ದಿನಕ್ಕೇ, ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ಎಂಬ ಊರಿನಲ್ಲಿ ನಡೆಯುವ ಕೈಮಗ್ಗದ ಮೇಳವೊಂದಕ್ಕೆ ಬಂದು ಸೀರೆ ನೇದು ತೋರಿಸಿ ಎಂದು ಕೈಮಗ್ಗ ಇಲಾಖೆಯ ಮೂಲಕ ಅವರಿಗೆ ಕರೆ ಬಂತು. ಭಾಷೆಗೆಂದು ನಾನೂ ಜೊತೆಗೆ. ಅವರ ಸೊಸೆ ಅಡ್ಡ ನಿಂತಳು. "ಕಣ್ಣು ಹೋಗ್ತಾ ಐತೆ ಅಂತಾರೆ, ಅಷ್ಟು ದೂರ ಏನು ನೋಡಾಕ್ ಹೋಗ್ತೀರಿ ಅತ್ತೆ?"

"ಹೋಗ್ತಾ ಐತೆ ಅಂತಲೇ ಹೋಗ್ತೀನಿ" ಎಂದರು ಪೆದ್ದಮ್ಮ. "ಕತ್ತಲಾಗೋಕೆ ಮುಂಚೆ ಉಗ್ರಾಣ ತುಂಬ್ಕೋಬೇಕು. ಆಮೇಲೆ ಕೂತು ಉಣ್ಣೋದು ಇದ್ದೇ ಐತೆ." ನನ್ನ ಕಡೆ ತಿರುಗಿ, "ದೇಶ ಸುತ್ತು, ಕೋಶ ಓದು ಅಂತಾರಲ್ಲ. ಕೋಶ ನೀನು ಓದಿದ್ದೀಯ, ದೇಶ ನಾನು ಸುತ್ತುತೀನಿ" ಎಂದು ಚುಚ್ಚಿದರು.

ಮೇಳ ನಡೆದದ್ದು ಆ ಊರಿನ ಸಾನ್ ತೆಲ್ಮೋ ಎಂಬ ಹಳೆಯ ಬಡಾವಣೆಯಲ್ಲಿ. ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳು, ಆಳೆತ್ತರಕ್ಕಿಂತ ಎತ್ತರದ ಬಾಗಿಲುಗಳು, ಕಬ್ಬಿಣದ ಹೂಬಳ್ಳಿಯ ಬಾಲ್ಕನಿಗಳು. ಅಲ್ಲಿಯವರ ಮಾತು ಸ್ಪ್ಯಾನಿಷ್. ನನ್ನ ಇಂಗ್ಲಿಷ್ ಮೂರುಕಾಸಿನ ಉಪಯೋಗಕ್ಕೂ ಬರಲಿಲ್ಲ. ಪೆದ್ದಮ್ಮ ಮಾತ್ರ ತೆಲುಗು, ಕನ್ನಡ ಎರಡನ್ನೂ ಬೆರೆಸಿ ಹೊಡೆಯುತ್ತಿದ್ದರು, ಅಲ್ಲಿಯವರು ಸ್ಪ್ಯಾನಿಷ್‌ನಲ್ಲಿ ಉತ್ತರಿಸುತ್ತಿದ್ದರು, ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ಜೋಳದ ಹೂರಣ ತುಂಬಿದ ಅಲ್ಲಿಯ ತಿಂಡಿಯೊಂದನ್ನು ಕಂಡು "ಕರ್ಜಿಕಾಯಿ!" ಎಂದು ಕೂಗಿದರು. ಅಂಗಡಿಯಾಕೆ ಎರಡು ಹೆಚ್ಚಿಗೆ ಕೊಟ್ಟಳು.

ಎರಡು ದಿನ ಚಿಕ್ಕ ಮಗ್ಗದ ಮೇಲೆ ನೇದು ತೋರಿಸಿದರು. ಮೂರನೆಯದು ಭಾನುವಾರ. ಆ ಬಡಾವಣೆಯಲ್ಲಿ ಭಾನುವಾರ ಬೀದಿಯುದ್ದಕ್ಕೂ ಸಂತೆ, ಜನವೋ ಜನ. ಮೇಳದವರು ಕಾಯುತ್ತಿದ್ದದ್ದೇ ಆ ದಿನಕ್ಕೆ. ಬೆಳಿಗ್ಗೆ ಹೋಗಿ ನೋಡಿದರೆ ಪೆದ್ದಮ್ಮ ಮಗ್ಗಕ್ಕೆ ಕುಂಕುಮ ಇಟ್ಟು ಪಂಚೆ ಹೊದಿಸಿ ಕೂತಿದ್ದಾರೆ. ಅವತ್ತು ಅಮಾವಾಸ್ಯೆ!

ಮೇಳದ ಮೇಲ್ವಿಚಾರಕಿ ಮೊದಲು ನಕ್ಕರು, ಆಮೇಲೆ ಬೇಡಿಕೊಂಡರು, ಆಮೇಲೆ ಸಿಟ್ಟಾದರು. ಫೋನಿನಲ್ಲಿ ಅನುವಾದಿಸಿಕೊಂಡು ಒಂದು ಉಪಾಯವನ್ನೂ ಹೂಡಿದರು. ನಿಮ್ಮ ಊರಿನ ಗಡಿಯಾರ ನಮಗಿಂತ ಮುಂದೆ, ಅಲ್ಲಿ ಅಮಾವಾಸ್ಯೆ ಆಗಲೇ ಮುಗಿಯುತ್ತ ಬಂದಿರಬೇಕಲ್ಲ ಎಂದರು. ನಾನು ಅದನ್ನು ಹೇಳಿದೆ.

"ಊರಲ್ಲಿ ಇರೋರಿಗೆ ಮುಗೀಲಿ. ನಾನೆಲ್ಲಿದ್ದೀನೋ ನನ್ನ ಅಮಾಸೆ ಅಲ್ಲೈತೆ" ಎಂದು ಪೆದ್ದಮ್ಮ ಚಪ್ಪಲಿ ಮೆಟ್ಟಿದರು. "ಏಳು ಪಾಪ. ಮಗ್ಗಕ್ಕೆ ರಜೆ ಕೊಟ್ಟು ಕಣ್ಣಿಗೆ ಕೆಲಸ ಕೊಡೋ ದಿನ ಇದು."

ನಮ್ಮ ಜಾಗವನ್ನು ಮಡಕೆ ಮಾಡುವವನೊಬ್ಬನಿಗೆ ಕೊಟ್ಟುಬಿಟ್ಟರು, ಮಗ್ಗ ಮೂಲೆ ಸೇರಿತು. ಇನ್ನು ನಮ್ಮೂರಿನವರನ್ನು ಇವರು ಕರೆದಂತೆಯೇ ಎಂದು ನಾನು ಉರಿಯುತ್ತ ಹೊರಬಂದೆ. ಪೆದ್ದಮ್ಮನ ಗಮನ ಅಲ್ಲಿರಲೇ ಇಲ್ಲ. ಬೀದಿಯ ತುದಿಯವರೆಗೂ ಜನ, ಹಳೆಯ ಗಡಿಯಾರ, ಬೆಳ್ಳಿ ಚಮಚ, ಬಣ್ಣದ ಗಾಜಿನ ಸೀಸೆಗಳ ಸಾಲು, ಎಲ್ಲೋ ಡೋಲು. ಅವರು ನಿಂತು ಕೈಜೋಡಿಸಿದರು.

"ಚೂಡು ಪಾಪ, ನೋಡು! ಇಲ್ಲಿಯೋರೂ ಅಮಾಸೆ ಮಾಡ್ತಾರೆ. ಒಬ್ಬರಾದ್ರೂ ಕೆಲಸಕ್ಕೆ ಕೂತಿದ್ದಾರಾ? ಆ ಮೇಲ್ವಿಚಾರಕಿಗೆ ಮನೇಲಿ ಹಿರೀಕರು ಯಾರೂ ಹೇಳಿಕೊಟ್ಟಿಲ್ಲ ಪಾಪ."

ಇದು ಭಾನುವಾರದ ರಜೆ ಎಂದು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಅಷ್ಟು ಸಂತೋಷದಲ್ಲಿದ್ದರು.

ಅವರು ನೋಡುವ ಬಗೆ ನನಗೆ ಅರ್ಥವಾದದ್ದು ಅಲ್ಲಿನ ಹಳೆಯ ಮಾರುಕಟ್ಟೆಯೊಳಗೆ. ಕಬ್ಬಿಣ, ಗಾಜಿನ ಎತ್ತರದ ಚಾವಣಿ. ಬಿಸಿಲು ಅದರಿಂದ ಸೋಸಿ ಹಣ್ಣಿನ ರಾಶಿಗಳ ಮೇಲೆ ಬೀಳುತ್ತಿತ್ತು. ಪೆದ್ದಮ್ಮ ಬಲಗಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಆ ಕಣ್ಣನ್ನೂ ಮುಚ್ಚಿದರು. ಜನ ತಳ್ಳಾಡುವ ನಡುವೆ, ಪೂರ್ತಿ ಕತ್ತಲಲ್ಲಿ ನಿಂತು, ತಮಗೆ ತಾವೇ ಹೇಳಿಕೊಳ್ಳತೊಡಗಿದರು. "ಮೇಲೆ ಗಾಜು, ನಡುವೆ ಕಬ್ಬಿಣದ ಬೆನ್ನೆಲುಬು. ಕೆಳಗೆ ಎಡಕ್ಕೆ ಕಿತ್ತಳೆ, ಬಲಕ್ಕೆ ಕುಂಬಳ. ಕುಂಬಳದ ಪಕ್ಕ ಟೋಪಿ ಮುದುಕ, ಅವನ ಮೀಸೆ ಹೊಗೆ ಬಣ್ಣ." ಕಣ್ಣು ತೆರೆದು ತಾಳೆ ನೋಡಿದರು. ಕುಂಬಳದ ಪಕ್ಕ ಬೆಳ್ಳುಳ್ಳಿ ಗೊಂಚಲೊಂದು ಬಿಟ್ಟುಹೋಗಿತ್ತು. ಮತ್ತೆ ಮುಚ್ಚಿದರು, ಮತ್ತೆ ಮೊದಲಿನಿಂದ ಹೇಳಿದರು.

"ಏನು ಮಾಡ್ತಿದ್ದೀರಿ ಪೆದ್ದಮ್ಮ?"

"ಹೊಸ ಅಂಚು ಕಲಿಯೋವಾಗ ನಮ್ಮತ್ತೆ ಹಿಂಗೇ ಕಲಿಸಿದ್ದು. ನೋಡು, ಮುಚ್ಚು, ಹೇಳು, ತೆರೆದು ನೋಡು. ಬಾಯಲ್ಲಿ ಬಂದ್ರೆ ಮಾತ್ರ ನಿನ್ನದು. ಬರ್ಲಿಲ್ಲ ಅಂದ್ರೆ ಅದಿನ್ನೂ ಅಂಗಡಿಯೋರದ್ದೇ."

ಡಾಕ್ಟರು ಹೇಳಿದ ಕತ್ತಲೆಗೆ ನಾನು ಹೆದರಿ ಅತ್ತಿದ್ದೆ. ಇವರು ಅದರೊಳಗೆ ಹೋಗಿ ಹೋಗಿ ಸಾಮಾನು ಇಟ್ಟು ಬರುತ್ತಿದ್ದರು.

ಇಡೀ ದಿನ ಹೀಗೇ ಸುತ್ತಿದೆವು. ಆ ಬಡಾವಣೆಯಲ್ಲಿ ಇಡೀ ಊರಿಗೇ ಕಿರಿದಾದ ಮನೆಯೊಂದಿದೆ, ಎರಡು ಗೋಡೆಗಳ ನಡುವೆ ಸಿಕ್ಕಿಬಿದ್ದಂತಿದೆ. ಪೆದ್ದಮ್ಮ ಅದರ ಬಾಗಿಲಿಗೆ ಎರಡೂ ತೋಳು ಚಾಚಿ ಅಳೆದು, "ಮಗ್ಗ ಇಟ್ಟರೆ ಮಲಗೋರು ಯಾರು, ನೇಯೋರು ಯಾರು?" ಎಂದು ಆ ಮನೆಯವರಿಗಾಗಿ ಮರುಗಿದರು. ಉದ್ಯಾನದ ಎದುರು ಈರುಳ್ಳಿಯಾಕಾರದ ನೀಲಿ ಗೋಪುರಗಳ ಒಂದು ಚರ್ಚು. "ನಮ್ಮ ಚಳ್ಳಕೆರೆ ಕಡೆ ಇಷ್ಟು ಈರುಳ್ಳಿ ಬೆಳೀತಾರೆ, ಒಬ್ಬರಿಗಾದ್ರೂ ಅದಕ್ಕೆ ಗುಡಿ ಕಟ್ಟೋ ಬುದ್ಧಿ ಬಂತಾ?" ಎಂದು ಕೈಮುಗಿದರು.

ಸಂಜೆಗೆ ಮುಂಚೆ ಚೌಕಕ್ಕೆ ಬಂದೆವು. ಮರಗಳ ಕೆಳಗೆ ಟ್ಯಾಂಗೋ ಕುಣಿತ. ಅಲ್ಲಿಯವರೆಗೆ ಅದು ಹರೆಯದವರ ಆಟವೆಂದುಕೊಂಡಿದ್ದೆ. ಕುಣಿಯುತ್ತಿದ್ದವರು ಒಬ್ಬ ಮುದುಕ, ಒಬ್ಬ ಮುದುಕಿ. ಮೇಲಿನ ಮೈ ಅಲುಗದು, ಮುಖದಲ್ಲಿ ನಗುವಿಲ್ಲ. ಇಡೀ ಮಾತು ನಾಲ್ಕು ಪಾದಗಳಲ್ಲಿ. ಮುದುಕಿ ಕಣ್ಣು ಮುಚ್ಚಿ ಕುಣಿಯುತ್ತಿದ್ದಳು. ಪೆದ್ದಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು.

"ಅವಳೂ ಮುಚ್ಕೊಂಡವಳೆ ಪಾಪ" ಎಂದರು ಮೆಲ್ಲಗೆ. "ಬಿದ್ದಳಾ? ಇಲ್ಲ."

ಕೆಳಗೆ ನೋಡಿದರೆ ಅವರ ಸೀರೆಯಂಚಿನಡಿ ಎರಡೂ ಪಾದ, ಮಗ್ಗದ ಗುಂಡಿಯೊಳಗೆ ಕಾಲುಮಣೆ ತುಳಿಯುವ ಹಾಗೆ, ಒಂದಾದ ಮೇಲೊಂದು ಹಾಡಿಗೆ ಸರಿಯಾಗಿ ಏಳುತ್ತ ಬೀಳುತ್ತ ಇದ್ದವು. ಅವರ ಕೆನ್ನೆ ಒದ್ದೆಯಾಗಿತ್ತು. ನಾನು ಅವರು ಅತ್ತದ್ದನ್ನು ಕಂಡದ್ದು ಆಗ ಮಾತ್ರ. ದುಃಖದ ಅಳುವಾಗಿರಲಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ.

ಊರಿಗೆ ಬಂದ ಮೇಲೆ ಮಳೆಗಾಲ ಮುಗಿಯುವುದರೊಳಗೆ ಬಲಗಣ್ಣೂ ಹೋಯಿತು. ಮಗ್ಗ ಸೊಸೆಗೆ ಬಂತು. ಪೆದ್ದಮ್ಮ ಪಕ್ಕದಲ್ಲಿ ಕೂತು ಸದ್ದಿನಿಂದಲೇ ತಪ್ಪು ಹಿಡಿದು ಅವಳ ಪ್ರಾಣ ತಿನ್ನುತ್ತಿದ್ದರು. ಅಮಾವಾಸ್ಯೆ ಬಂದರೆ ಮಾತ್ರ ಅವರ ಜಗಲಿಯ ಮೇಲೆ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. "ನಡೀರಿ, ಚಪ್ಪಲಿ ಹಾಕ್ಕಳ್ರಿ, ಕಲ್ಲು ಬೀದಿ, ಜಾರೀತು" ಎಂದು ಅವರನ್ನು ಕೂತಲ್ಲಿಂದಲೇ ಸಾನ್ ತೆಲ್ಮೋಗೆ ಕರೆದುಕೊಂಡು ಹೋಗುತ್ತಿದ್ದರು. ಪ್ರತಿಸಲವೂ ಅದೇ ದಾರಿ. ಒಂದು ಅಂಗಡಿ ಬಿಟ್ಟುಹೋದರೆ ಹೆಂಗಸರು ಬಿಡುತ್ತಿರಲಿಲ್ಲ, "ಗಡಿಯಾರದೋನು ಎಲ್ಲಿ ಹೋದ?" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ನಾನು ಕಂಬಕ್ಕೊರಗಿ ಕೇಳುತ್ತ, ನಾನು ಹೋಗಿಯೂ ಕಾಣದ ಎಷ್ಟೋ ಸಂಗತಿಗಳನ್ನು ಅವರ ಬಾಯಲ್ಲಿ ಕಂಡೆ.

ಹೋದ ಚಳಿಗಾಲದಲ್ಲಿ ಅವರು ಹೋದರು. ಮಧ್ಯಾಹ್ನ ಉಂಡು ಜಗಲಿಯಲ್ಲಿ ಮಲಗಿದವರು ಏಳಲಿಲ್ಲ. ಒಳಗೆ ಮಗ್ಗ ನಿಂತದ್ದು ಗೋಡೆಯಾಚೆ ನಮಗೆ ಕೇಳಿಸಿತು.

ಕಾರ್ಯಗಳೆಲ್ಲ ಮುಗಿದ ಮೇಲಿನ ಅಮಾವಾಸ್ಯೆಗೆ ಹೆಂಗಸರು ಮತ್ತೆ ಬಂದು ಜಗಲಿಯ ಮೇಲೆ ಕೂತರು. ಹೋಗಿಬಂದವಳು ನೀನೊಬ್ಬಳೇ, ನೀನೇ ಕರ್ಕೊಂಡು ಹೋಗಕ್ಕ ಎಂದರು. ಮಾರುಕಟ್ಟೆ ದಾಟಿಸಿದೆ, ಕಿರಿದಾದ ಮನೆ ತೋರಿಸಿದೆ. ಚೌಕಕ್ಕೆ ತಿರುಗುವ ಮೂಲೆಯಲ್ಲಿ ಹೊಸದಾಗಿ ಮದುವೆಯಾಗಿ ಬೀದಿಗೆ ಬಂದಿದ್ದ ಹುಡುಗಿಯೊಬ್ಬಳು, "ಅಲ್ಲಿ ಒಂದು ದೊಡ್ಡ ಬಾಗಿಲೈತಂತಲ್ಲ, ಅದರ ಬಣ್ಣ ಯಾವುದಕ್ಕ?" ಎಂದು ಕೇಳಿದಳು.

ನನಗೆ ನೆನಪಾಗಲಿಲ್ಲ. ಫೋನು ತೆಗೆದು ಆ ದಿನದ ಫೋಟೊ ಹುಡುಕಿದೆ. ಸಿಕ್ಕಿತು. ಬಾಗಿಲಿಗೆ ಸರಿಯಾಗಿ ಅಡ್ಡ ನಾನೇ ಹಲ್ಲು ಕಿರಿದು ನಿಂತಿದ್ದೆ.

ಒಳಗಿನಿಂದ ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಚಳ್ಳಕೆರೆಯಿಂದಾಚೆ ಊರು ಕಾಣದವಳು. ಹೊಸ್ತಿಲಲ್ಲಿ ನಿಂತು ಎರಡೂ ಕಣ್ಣು ಮುಚ್ಚಿದಳು.

"ಒಡಲು ಗಿಳಿಹಸಿರು, ಅಂಚು ಇಟ್ಟಿಗೆ ಬಣ್ಣ" ಎಂದಳು. "ಎಡಗಡೆ ಕದ ಬಿಸಿಲಿಗೆ ಒಂಚೂರು ಬಿಳಚಿಕೊಂಡೈತೆ. ಹಿತ್ತಾಳೆ ಚಿಲಕ. ಅದರ ಮುಂದೆ ನಾಯಿ ಮಲಗಿರ್ತದೆ, ತುಳೀಬೇಡ್ರಿ, ಬಲಗಡೆಯಿಂದ ಬರ್ರಿ."

ಹೆಂಗಸರು ಬಲಗಡೆಯಿಂದ ಹೋದರು. ನಾನು ಫೋನು ಕೆಳಗಿಟ್ಟು, ಕಣ್ಣು ಮುಚ್ಚಿ, ಅವರ ಹಿಂದೆ ನಡೆದೆ.