ಕೂತೇ ಇರುವವರಿಗಾಗಿ ಒಂದು ನಾಟಕ

ಸರ್ವಾಧಿಕಾರದ ಸಿನಿಮಾಗಳಲ್ಲಿ ಸರ್ವಾಧಿಕಾರಿಯನ್ನು ನಂಬುವುದು ನನಗೆ ಎಂದೂ ಕಷ್ಟವಾಗಿಲ್ಲ. ಬೂದು ಗೋಡೆ, ಮೂಲೆಮೂಲೆಯಲ್ಲಿ ಕ್ಯಾಮೆರಾ, ಒಂದೇ ಬಣ್ಣದ ಅಂಗಿ ತೊಟ್ಟ ಜನ, ಇದೆಲ್ಲ ಸರಿ. ಆಮೇಲೆ ಒಬ್ಬ ಎದ್ದು ನಿಲ್ಲುತ್ತಾನೆ. ಮುಖದ ಮೇಲೆ ಬೆಳಕು ಬೀಳುತ್ತದೆ. ಅವನ ಹಿಂದೆ ಮತ್ತೊಬ್ಬ, ಆಮೇಲೆ ನೂರಾರು ಜನ, ಆಮೇಲೆ ಊರಿಗೆ ಊರೇ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಟೀವಿ ಮುಂದೆ ಕೂತು ಇಂಥ ಕೊನೆಗಳನ್ನು ಎಷ್ಟು ನೋಡಿದ್ದೇನೋ, ಪ್ರತಿ ಸಲವೂ ಬರುವ ಸಿಟ್ಟು ಒಂದೇ: ಆ ಮೊದಲನೆಯವನು ಎಲ್ಲಿಂದ ಬಂದ? ಕಾದಂಬರಿಗಳು ಕೊಂಚ ವಾಸಿ, ಅಲ್ಲಿ ಅವನು ಸೋಲುವುದಾದರೂ ಉಂಟು. ಆದರೂ ಇರುತ್ತಾನೆ. ಮೊದಲ ಪುಟದಿಂದಲೇ ಒಳಗೊಳಗೆ ಕುದಿಯುತ್ತ, ನಾವು ಪುಸ್ತಕ ತೆರೆಯಲೆಂದೇ ಕಾದು ಕೂತವನ ಹಾಗೆ.

ಅದಕ್ಕೇ ಆ ಒಬ್ಬನಿಲ್ಲದ ನಾಟಕವೊಂದನ್ನು ಬರೆದೆ.

ಅದರಲ್ಲಿ ಆಳುವವನು ಕಾಣಿಸುವುದಿಲ್ಲ, ಒಂದು ಧ್ವನಿವರ್ಧಕ ಮಾತ್ರ ಇದೆ. ಅದು ಹೇಳಿದಂತೆ ಪಾತ್ರಗಳು ಉಣ್ಣುತ್ತವೆ, ಮಲಗುತ್ತವೆ, ಪಕ್ಕದ ಮನೆಯವರ ಮೇಲೆ ದೂರು ಕೊಡುತ್ತವೆ. ಕೊನೆಯ ಭಾಗದಲ್ಲಿ ಧ್ವನಿ ಪ್ರೇಕ್ಷಕರ ಕಡೆ ತಿರುಗಿ ಎಲ್ಲರೂ ಎದ್ದು ನಿಲ್ಲಬೇಕೆಂದು ಹೇಳುತ್ತದೆ. ಯಾರಾದರೂ ಒಬ್ಬರು ಏಳದೆ ಕೂತೇ ಇದ್ದರೆ ನಾಯಕಿ ರಂಗದಿಂದ ಇಳಿದು ಬಂದು ಅವರ ಪಕ್ಕ ಕೂರುತ್ತಾಳೆ. ಆಮೇಲೆ ಒಬ್ಬೊಬ್ಬರೇ ನಟರು ಬಂದು ಕೂರುತ್ತಾರೆ. ಧ್ವನಿವರ್ಧಕ ಬಾಯಿ ಮುಚ್ಚುತ್ತದೆ. ಯಾರೂ ಕೂರದಿದ್ದರೆ ದೀಪ ಆರುತ್ತದೆ, ನಾಟಕ ಅಲ್ಲಿಗೆ ಮುಗಿಯಿತು. ನನ್ನ ಷರತ್ತು ಒಂದೇ: ನಮ್ಮವರನ್ನು ಯಾರನ್ನೂ ಪ್ರೇಕ್ಷಕರ ನಡುವೆ ಕೂರಿಸಕೂಡದು.

ನಿರ್ದೇಶಕರು ಗುಬ್ಬಿಯ ಹೈಸ್ಕೂಲ್ ಮೇಷ್ಟ್ರು. ಓದಿ ಮುಗಿಸಿ ಕನ್ನಡಕ ತೆಗೆದರು.

"ಸಾರ್, ಯಾರೂ ಕೂತ್ಕಳ್ದೆ ಇದ್ರೆ?"

"ಕೂರ್ತಾರೆ."

"ಅದೇ, ಕೂರ್ದೇ ಇದ್ರೆ ಅಂತ ಕೇಳ್ತಾ ಇದೀನಿ."

"ಇಷ್ಟು ಜನದಲ್ಲಿ ಒಬ್ಬರಾದ್ರೂ ಇರಲ್ವಾ ಮೇಷ್ಟ್ರೇ?"

"ನೀವೂ ಸಿನಿಮಾದೋರ ಥರಾನೇ ಮಾತಾಡ್ತೀರಲ್ಲ ಸಾರ್!"

ಅವರು ನಕ್ಕರು. ನಾನೂ ನಕ್ಕೆ ಎಂದು ಬರೆಯುವುದು ಸುಲಭ. ನಗಲಿಲ್ಲ ಅನಿಸುತ್ತದೆ.

ಧ್ವನಿಗೆ ಸಿಕ್ಕವನು ಮದುವೆ, ಶಾಲಾ ವಾರ್ಷಿಕೋತ್ಸವ, ಮಠದ ಸಮಾರಂಭಗಳಲ್ಲಿ ಮೈಕ್ ಹಿಡಿದು ನಿರೂಪಣೆ ಮಾಡುವವನು. ತುಪ್ಪ ಸವರಿದಂಥ ಕಂಠ. ನಾನು ಬರೆದದ್ದು ಒಂದೇ ಶಬ್ದ: ಏಳಿ. ಅದನ್ನು ಹೇಳಲು ಅವನು ಒಪ್ಪಲಿಲ್ಲ.

"ಜನಕ್ಕೆ ಹಂಗೆ ಏಳಿ ಅಂತ ಹೆಂಗ್ ಸಾರ್ ಅನ್ನೋದು? ಮರ್ಯಾದೆ ಬ್ಯಾಡ್ವಾ? ನಾಳೆ ಇವ್ರ ಮನೆ ಮದ್ವೆಗೇ ನಾನು ಮೈಕ್ ಹಿಡೀಬೇಕು."

ತಾನೇ ತಿದ್ದಿಕೊಂಡ: ದಯಮಾಡಿ ಎಲ್ಲರೂ ತಮ್ಮ ತಮ್ಮ ಸ್ಥಳಗಳಲ್ಲಿ ಎದ್ದು ನಿಲ್ಲಬೇಕಾಗಿ ಸವಿನಯ ವಿನಂತಿ. ನನಗೆ ಅದು ಹಿಡಿಸಿತು. ಆಜ್ಞೆಯನ್ನು ಧಿಕ್ಕರಿಸುವುದಕ್ಕಿಂತ ವಿನಂತಿಯನ್ನು ತಳ್ಳಿಹಾಕುವುದು ಸುಲಭ ಎಂದುಕೊಂಡೆ. ನಮ್ಮ ಕಡೆಯ ಸಭೆಗಳಲ್ಲಿ ಅರ್ಧ ಆಯುಷ್ಯ ಕಳೆದವನು ಹಾಗೆ ಅಂದುಕೊಳ್ಳಬಾರದಿತ್ತು. ನಾಡಗೀತೆಗೆ, ಸ್ವಾಮೀಜಿ ಬರುವಾಗ, ಸತ್ತವರಿಗಾಗಿ ಮೌನ ಆಚರಿಸುವಾಗ ನಮ್ಮನ್ನು ಎಬ್ಬಿಸುವುದು ಇದೇ ವಾಕ್ಯ. ಕಿವಿಗಿಂತ ಮೊದಲು ಅದು ಮಂಡಿಗೆ ಕೇಳಿಸುತ್ತದೆ.

ತುಮಕೂರಿನ ಮೊದಲ ಪ್ರದರ್ಶನದಲ್ಲಿ ವಿನಂತಿ ಮುಗಿಯುವ ಮೊದಲೇ ಕುರ್ಚಿಗಳು ಕಿರುಗುಟ್ಟಿದವು. ಎಲ್ಲರೂ ಎದ್ದರು. ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದ ಹುಡುಗರು ವಿಡಿಯೋ ಮಾಡುತ್ತಲೇ ಎದ್ದರು. ದೀಪ ಆರಿತು. ಚಪ್ಪಾಳೆ.

ಗುಬ್ಬಿಯಲ್ಲೂ ಎದ್ದರು. ಅಲ್ಲಿ ಮೇಷ್ಟ್ರು, ಯಾರಾದರೂ ಕೂತಾರೆಂದು, ದೀಪ ಆರಿಸುವುದನ್ನು ತಡಮಾಡಿದರು. ಮುಂದಿನ ಸಾಲಿನಿಂದ ಒಬ್ಬರು ಕೂಗಿದರು: "ನಾಡಗೀತೆ ಹಾಕ್ರಪ್ಪಾ ಬೇಗ, ಕಾಲು ನೋಯ್ತಾವೆ!" ಹಿಂದಿನಿಂದ ಇನ್ನೊಬ್ಬ: "ಪೆನ್‌ಡ್ರೈವ್ ಕೈ ಕೊಟ್ಟಿರ್ಬೇಕು ಬುಡಣ್ಣ." ಎಡಗಡೆಯ ಹೆಂಗಸರು ತಾವೇ ಹಾಡಲು ಶುರುಮಾಡಿದರು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಮೇಷ್ಟ್ರು ಇಲ್ಲವೇ ಇಲ್ಲ ಅನ್ನುತ್ತಾರೆ. ಇರಬಹುದು. ನನ್ನ ನೆನಪಿಗೆ ನಾಟಕ ಬರೆಯುವ ಚಟ ಇದೆ, ಅದು ಎಲ್ಲಿ ಬೇಕೋ ಅಲ್ಲಿ ಒಂದು ಹಾಡು ಸೇರಿಸುತ್ತದೆ.

ಅಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದರು: "ಕುಣಿಗಲ್ ಒಂದು ನೋಡೋಣ ಸಾರ್. ಅಲ್ಲೂ ಒಬ್ರೂ ಕೂರಲಿಲ್ಲ ಅಂದ್ರೆ ನಾನು ಜನದ ಮಧ್ಯ ಒಬ್ಬ ಹೀರೋನ ಕೂರಿಸ್ತೀನಿ. ನೀವು ಅವ್ನಿಗೆ ಡೈಲಾಗ್ ಬರೀಬೇಕು."

ನಾಯಕಿ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಶಿಫ್ಟ್ ಮುಗಿಸಿ ಸ್ಕೂಟಿಯಲ್ಲಿ ತಾಲೀಮಿಗೆ ಬರುತ್ತಿದ್ದಳು. ಮೆಟ್ಟಿಲಿಳಿದು ಬಂದು ಅಪರಿಚಿತರ ಪಕ್ಕ ಕೂರುವುದನ್ನು ಬೇರೆ ಯಾವುದಕ್ಕಿಂತ ಹೆಚ್ಚು ಅಭ್ಯಾಸ ಮಾಡಿದ್ದಳು. ನಾಟಕದಲ್ಲಿ ಇನ್ನೂ ಒಮ್ಮೆಯೂ ಇಳಿದಿರಲಿಲ್ಲ.

"ಎರಡೂರು ಆಯ್ತು ಸಾರ್, ಬೊಂಬೆ ಥರ ಮೇಲೇ ನಿಂತಿದೀನಿ. ಒಂದ್ಸಲ ಇಳಿಸಿ ನನ್ನ."

"ನಾನು ಇಳಿಸೋದಲ್ಲಮ್ಮ. ಅವರು ಇಳಿಸಬೇಕು."

"ಅವ್ರಿಗೆ ಅದು ಗೊತ್ತೈತಾ?"

ಗೊತ್ತಿರಬಾರದು, ಅದೇ ನಾಟಕ ಎಂದೆ. ಅವಳು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಫ್ಯಾನ್ ಕಡೆ ನೋಡಿದರು.

ಕುಣಿಗಲ್‌ನಲ್ಲಿ ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ. ಊಟ ಮುಗಿಸಿ ಬಂದ ಜನ, ಯಡಿಯೂರಿನ ದೇವಸ್ಥಾನದಿಂದ ಹಾಗೇ ಬಂದು ಹಣೆಯಲ್ಲಿ ವಿಭೂತಿ ಆರದಿದ್ದ ಕೆಲವರು, ತುಂಬ ಸೆಕೆ. ಸೆಕೆಯಿಂದ ನನಗೆ ಆಸೆಯಾಯಿತು. ತತ್ವಕ್ಕಲ್ಲದಿದ್ದರೂ ಸೋಮಾರಿತನಕ್ಕಾದರೂ ಯಾರೋ ಒಬ್ಬ ಕೂತೇ ಇರಲಿ. ನಾನು ಪಕ್ಕದ ಬಾಗಿಲ ಹತ್ತಿರ ನಿಂತಿದ್ದೆ.

ವಿನಂತಿ ಬಂತು. ಸಭೆ ಎದ್ದಿತು.

ನಡುವಿನ ಒಂದು ಸಾಲಿನಲ್ಲಿ ಒಬ್ಬಳು ಏಳಲಿಲ್ಲ.

ಸುತ್ತ ನಿಂತವರ ಸೊಂಟಗಳ ನಡುವೆ ಅವಳ ತಲೆ ಮಾತ್ರ ಕಾಣುತ್ತಿತ್ತು. ಮೇಲಿದ್ದ ನಾಯಕಿಗೂ ಕಂಡಿತು. ಅವಳು ನನ್ನ ಕಡೆ ಒಮ್ಮೆ ನೋಡಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

"ಎದ್ದೇಳವ್ವ, ಎಲ್ರೂ ಎದ್ದವ್ರೆ," ಎಂದ ಹಿಂದಿನ ಸಾಲಿನವನು.

"ಕೂಸು ಮಲ್ಗೈತೆ ಕಣಣ್ಣ," ಎಂದಳು ಕೂತವಳು. "ಈಗಿನ್ನೂ ಕಣ್ಣು ಮುಚ್ಚೈತೆ. ನಾನೆದ್ರೆ ಎದ್ಬುಡ್ತೈತೆ."

ಅಷ್ಟೇ ಸಾಕಿತ್ತು ನನಗೆ. ಮಲಗಿದ ಕೂಸಿಗಾಗಿ ಏಳದಿರುವುದಕ್ಕಿಂತ ದೊಡ್ಡ ಕಾರಣ ಯಾವ ಬಂಡಾಯಕ್ಕೆ ಬೇಕು? ನಾಯಕಿ ಕೊನೆಯ ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ದಾರಿಗೆ ಬಂದಿದ್ದಳು. ಅಷ್ಟರಲ್ಲಿ ಆ ಸಾಲಿನವರೆಲ್ಲ ಕೂಸಿನ ತಾಯಿಯ ನೆರವಿಗೆ ಬಂದರು. ಇದನ್ನು ನಾನು ಸೇರಿಸುತ್ತಿಲ್ಲ, ಮೇಷ್ಟ್ರೂ ಒಪ್ಪುತ್ತಾರೆ. ಬಲಗಡೆಯ ಮುದುಕಿ ಅವಳ ಚೀಲ ತೆಗೆದುಕೊಂಡಳು. ಎಡಗಡೆಯ ಹೆಂಗಸು ನೀರಿನ ಬಾಟಲಿ ತೆಗೆದುಕೊಂಡಳು. ಹಿಂದಿನವನು ಬಗ್ಗಿ ಎರಡೂ ಕೈ ಚಾಚಿದ. "ಕೊಡವ್ವ ಇಲ್ಲಿ, ನಾನು ಎತ್ಕತೀನಿ, ನಮ್ಮನೇಲೂ ಮಕ್ಳವೆ, ಎಬ್ಸಲ್ಲ." ಎಷ್ಟು ಪ್ರೀತಿಯಿಂದ ಹೇಳಿದ ಅವನು! ಅವಳು ಕೂಸನ್ನು ಕೊಟ್ಟಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಕೂಸು ಅವನ ಭುಜದ ಮೇಲೆ ನಿದ್ದೆ ಮುಂದುವರಿಸಿತು. ನಾಯಕಿ ಮಾತ್ರ ಅದು ಮಲಗಿರಲೇ ಇಲ್ಲ, ಬಿಸ್ಕತ್ತು ತಿನ್ನುತ್ತಿತ್ತು ಎಂದು ಈಗಲೂ ವಾದಿಸುತ್ತಾಳೆ.

ನಾಯಕಿ ಆ ಸಾಲು ತಲುಪಿದಾಗ ಅಲ್ಲಿ ಕೂತವರು ಯಾರೂ ಇರಲಿಲ್ಲ. ಏನು ಮಾಡಬೇಕೆಂದು ನಾನು ಬರೆದಿರಲಿಲ್ಲ. ಅವಳು ಅವರೊಂದಿಗೇ ನಿಂತಳು. ಪಕ್ಕದ ಮುದುಕಿ ಸರಿದು ಜಾಗ ಕೊಟ್ಟಳು. ದೀಪ ಆರಿತು.

ಕೋಪ ಯಾರ ಮೇಲೆ ಮಾಡಲಿ? ಸಿನಿಮಾದಲ್ಲಾದರೆ ಇಂಥವಳನ್ನು ಎಬ್ಬಿಸಲು ಬೂಟು ಬರುತ್ತದೆ, ಲಾಠಿ ಬರುತ್ತದೆ. ಇಲ್ಲಿ ಬಂದದ್ದು ಕೂಸನ್ನು ಎತ್ತಿಕೊಳ್ಳುವ ಕೈ. ಆ ಕೈಯನ್ನು ಬಯ್ಯುವುದು ಹೇಗೆ? ಅವನು ಯಾವುದಕ್ಕೂ ಹೆದರಿರಲಿಲ್ಲ. ಅವಳೂ ಹೆದರಿರಲಿಲ್ಲ. ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ.

ಆಯೋಜಕರು ಶಾಲು ಹಾರ ಹಿಡಿದು ರಂಗಕ್ಕೆ ಬಂದರು. ನನ್ನ ಕೈ ಕುಲುಕುತ್ತ, "ಏನ್ ಶಿಸ್ತು ಸಾರ್! ಇಷ್ಟು ಜನ ಒಟ್ಗೆ ಎದ್ದು ನಿಂತಿದ್ದು ಈ ಹಾಲ್‌ನಲ್ಲಿ ನಾನು ನೋಡೇ ಇರ್ಲಿಲ್ಲ. ಇದನ್ನ ಸ್ಕೂಲ್ ಮಕ್ಕಳಿಗೆ ಮಾಡಿಸ್ಬೇಕು," ಎಂದರು.

"ಇದು ಶಿಸ್ತಿನ ವಿರುದ್ಧ ಬರೆದ ನಾಟಕ," ಎಂದೆ.

"ಅದೇ ಸಾರ್, ಅಶಿಸ್ತು ಇರಬಾರದು ಅಂತ ತಾನೆ?"

ಮೇಷ್ಟ್ರು ನನ್ನ ತೋಳು ಹಿಡಿದು ಚಹಾ ಅಂಗಡಿಗೆ ಕರೆದುಕೊಂಡು ಹೋದರು, ತಂಡದವರೂ ಹಿಂದೆಯೇ ಬಂದರು. ಅಲ್ಲಿ ನಾನು ಆ ಹೆಂಗಸು ಒಂದು ನಿಮಿಷವಾದರೂ ಕೂತಿದ್ದಳಲ್ಲ ಎಂದು ವಾದ ಮಾಡಿದೆ.

"ಮಡಿಲಲ್ಲಿ ಕೂಸಿತ್ತು, ಅದ್ಕೆ ಕೂತಿದ್ಲು ಸಾರ್," ಎಂದಳು ನಾಯಕಿ. ಚಹಾ ಊದಿ ಕುಡಿಯುತ್ತ, "ನೀವು ಹೀರೋನೇ ಬರ್ಕೊಡಿ. ನಂಗೆ ಇಳೀಬೇಕು. ಸುಳ್ಳೇ ಆಗ್ಲಿ, ಇಳೀಬೇಕು," ಎಂದಳು.

ಮೈಕಿನವನು ಲೋಟ ಕೆಳಗಿಟ್ಟ. ಆಮೇಲೆ ಮೆಲ್ಲಗೆ, "ನಾನ್ ಹೇಳಿದ್ದು ಜೋರಾಯ್ತಾ ಸಾರ್?" ಎಂದು ಕೇಳಿದ.

ಬರೆದುಕೊಟ್ಟೆ. ಷರತ್ತು ಬಿಟ್ಟೆ. ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬ, ಗಡ್ಡದವನು, ಜನರ ನಡುವೆ ಕೂರುತ್ತಾನೆ. ವಿನಂತಿ ಬಂದಾಗ ಏಳುವುದಿಲ್ಲ. "ನಾನು ಏಳುವುದಿಲ್ಲ! ಈ ಮಣ್ಣು ನನ್ನದು!" ಎಂದು ಕೂಗುತ್ತಾನೆ. ಆ ಮಾತನ್ನು ನಾನೇ ಬರೆದೆ, ಹಲ್ಲು ಕಚ್ಚಿಕೊಂಡು. ಹೊಸ ರೂಪದ ಮೊದಲ ಪ್ರದರ್ಶನ ತುಮಕೂರಿನಲ್ಲೇ ಆಯಿತು. ಅವನು ಕೂಗಿದೊಡನೆ ಶಿಳ್ಳೆ ಬಿತ್ತು. ಕೆಲವರ ಕಣ್ಣು ಒದ್ದೆಯಾಗಿತ್ತೆಂದು ಮೇಷ್ಟ್ರು ಹೇಳಿದರು, ನಾನು ನೋಡಲಿಲ್ಲ. ನಾಯಕಿ ಮೆಟ್ಟಿಲಿಳಿದು ಬಂದು, ಎಷ್ಟೋ ದಿನ ಅಭ್ಯಾಸ ಮಾಡಿದ್ದಂತೆ, ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ತುಂಬ ಚೆನ್ನಾಗಿ ಕೂತಳು.

ಉಳಿದ ನಟರು ಇಳಿಯುವ ಮೊದಲೇ ಸಭೆಗೆ ಸಭೆಯೇ ಅವರ ಸುತ್ತ ನಿಂತುಕೊಂಡು ಚಪ್ಪಾಳೆ ತಟ್ಟಿತು. ಕೆಲವರು ಕುರ್ಚಿ ಪಕ್ಕಕ್ಕೆ ಸರಿಸಿ ಅವರಿಬ್ಬರೂ ಎಲ್ಲರಿಗೂ ಕಾಣುವ ಹಾಗೆ ಜಾಗ ಮಾಡಿಕೊಟ್ಟರು. ಯಾರೂ ಕೂರಲಿಲ್ಲ.