ನೇರಳೆಯಿಂದ ಹಳದಿಗೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಲೇತ್ ಅಕ್ಕ. ಗಂಡ ತೀರಿಕೊಂಡ ಮರುತಿಂಗಳೇ ಗಂಡನ ಅಪ್ಪ ಅವಳನ್ನು ತಮ್ಮ ಶೆಡ್ಡಿಗೆ ಕರೆತಂದಿದ್ದರು. "ಕೂದಲು ಬಿಗಿಯಾಗಿ ಕಟ್ಕೋ. ಯಂತ್ರಕ್ಕೆ ನಮ್ಮೋರು ಬೇರೆಯೋರು ಅಂತಿಲ್ಲ" ಎಂದು ಕಬ್ಬಿಣ ಕಡೆಯುವ ಲೇತಿನ ಮುಂದೆ ನಿಲ್ಲಿಸಿದರು. ಹದಿನೆಂಟು ವರ್ಷ ಅವಳು ಅಲ್ಲಿಂದ ಕದಲಲಿಲ್ಲ. ಪಂಪಿನ ಶಾಫ್ಟು ಸವೆದರೆ ಸುತ್ತಲಿನ ಕಾರ್ಖಾನೆಯವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ಮಾವನಿಗೆ ಕಿವಿ ಮಂದ. ಯಂತ್ರದ ಮೇಲೆ ಅಂಗೈ ಇಟ್ಟೇ ಅದರ ಕಾಯಿಲೆ ಹೇಳುತ್ತಿದ್ದರು.

ಮೊದಲು ಹಿಂಬದಿಯ ನೂಲಿನ ಗಿರಣಿ ಮುಚ್ಚಿತು. ಅಲ್ಲಿ ಒಂಬತ್ತು ಅಂತಸ್ತಿನ ಮನೆಗಳೆದ್ದವು. ನಾಲ್ಕನೇ ಅಂತಸ್ತಿನ ನಿವೃತ್ತ ಮೇಷ್ಟ್ರು ಒಂದು ದಿನ ಹಿಂಜರಿಯುತ್ತಲೇ ಬಂದರು.

"ಮನೆಯವಳು ಹಾಸಿಗೆ ಹಿಡಿದಿದ್ದಾಳೆ ತಾಯಿ. ಮಧ್ಯಾಹ್ನ ಎರಡು ಗಂಟೆ ಹೊತ್ತು ಈ ಶಬ್ದ ನಿಲ್ಲಿಸಿದ್ರೆ ಸ್ವಲ್ಪ ಕಣ್ಣು ಮುಚ್ತಾಳೆ."

ಅವಳು ಒಪ್ಪಿದಳು. "ಏನಂತೆ?" ಎಂದರು ಮಾವ.

"ಮಧ್ಯಾಹ್ನ ನಿಮಗೆ ಮಲಗೋಕೆ ಹೇಳಿದ್ರು ಮಾವ."

"ಪರವಾಗಿಲ್ವೇ, ಒಳ್ಳೆ ಮನುಷ್ಯ!"

ಮೂರು ತಿಂಗಳಿಗೆ ವಿದ್ಯುತ್ ಕಚೇರಿಯಿಂದ ನೋಟಿಸು ಬಂತು: ಇದು ವಸತಿ ವಲಯ, ಕಾರ್ಖಾನೆಯ ಸಂಪರ್ಕ ಮುಂದುವರಿಯದು. ಅವಳು ನಗರ ಯೋಜನಾ ಕಚೇರಿಗೆ ಓಡಿದಳು. ಅಧಿಕಾರಿ ಮೇಜಿನ ಮೇಲೆ ನಕ್ಷೆ ಹರಡಿದರು.

"ನೋಡಿಮ್ಮಾ, ಹಳೇ ನಕ್ಷೇಲಿ ನಿಮ್ಮ ಬೀದಿ ನೇರಳೆ. ಅಂದ್ರೆ ಕೈಗಾರಿಕೆ. ಈಗ ಹಳದಿ. ಅಂದ್ರೆ ವಾಸದ ಮನೆ."

"ನಲವತ್ತು ವರ್ಷದಿಂದ ಶೆಡ್ ಇದೆ ಸಾರ್. ಬಣ್ಣ ಹಚ್ಚೋರು ಒಂದ್ಸಲ ಬಂದು ನೋಡಬಾರ್ದಿತ್ತಾ?"

"ಪತ್ರಿಕೇಲಿ ಹಾಕಿದ್ವಿ. ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟಿದ್ವಿ. ಯಾಕೆ ಬರ್ಲಿಲ್ಲ?"

ಆ ಪತ್ರಿಕೆ ಶೆಡ್ಡಿಗೆ ಬಂದಿದ್ದಿರಬೇಕು. ಅದರಲ್ಲಿ ಎಣ್ಣೆ ಒರೆಸಿ ಎಸೆದಿದ್ದಿರಬೇಕು.

ಊರಾಚೆಯ ಹೊಸ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಎಂದರು ಅಧಿಕಾರಿ. ಅಲ್ಲಿ ಅತಿ ಚಿಕ್ಕ ನಿವೇಶನವೆಂದರೆ ಅರ್ಧ ಎಕರೆ. ಅವಳ ಶೆಡ್ಡು ಎರಡು ಲಾರಿ ನಿಲ್ಲುವಷ್ಟು.

"ಅಷ್ಟು ಜಾಗದಲ್ಲಿ ನಾನೇ ಕಳೆದೋಗ್ತೀನಿ ಸಾರ್."

ಅಧಿಕಾರಿಗೂ ನಗು ಬಂತು. ನಗುತ್ತಲೇ ನಕ್ಷೆ ಮಡಿಸಿಟ್ಟರು.

ಸಂಪರ್ಕ ಕಡಿಯಬೇಡಿ ಎಂದು ಮನವಿಪತ್ರ ಬರೆದುಕೊಟ್ಟವರು ಮೇಷ್ಟ್ರೇ. "ಶಬ್ದ ಬೇಡ ಅಂದಿದ್ದು ನಿಜ. ನೀವೇ ಬೇಡ ಅಂದಿರ್ಲಿಲ್ಲ" ಎಂದು ಮೊದಲ ಸಹಿ ಹಾಕಿದರು. ಒಂಬತ್ತು ಅಂತಸ್ತಿನಲ್ಲಿ ಎರಡನೇ ಸಹಿ ಸಿಗಲಿಲ್ಲ. ಒಂದೇ ಸಾಲಿನಲ್ಲಿ ಮನವಿ ತಿರಸ್ಕೃತವಾಯಿತು.

ಕಚೇರಿಯವರು ಕರೆಂಟು ಕಡಿದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ, ಶಾಫ್ಟು ಅರ್ಧ ಕಡೆದಿದ್ದಾಗ. ಮಾವನ ಅಂಗೈ ಯಂತ್ರದ ಮೇಲಿತ್ತು.

"ನಿಂತೋಯ್ತಾ?"

"ಹ್ಞೂಂ ಮಾವ."

ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಅಷ್ಟು ಹಳೆಯ ಲೇತನ್ನು ಯಂತ್ರವೆಂದು ಕೊಳ್ಳುವವರು ಸಿಗಲಿಲ್ಲ. ಗುಜರಿಯವರು ಗ್ಯಾಸಿನ ಉರಿಯಿಂದ ಮೂರು ತುಂಡು ಮಾಡಿ ಒಯ್ದರು. ಆ ದಿನ ಮಾವ ಗೋಡೆಗೆ ಮುಖ ಮಾಡಿ ಮಲಗಿದವರು ಸರಿಯಾಗಿ ಏಳಲೇ ಇಲ್ಲ. ಎರಡು ತಿಂಗಳಲ್ಲಿ ಹೋದರು. ಶ್ವಾಸಕೋಶದ ತೊಂದರೆ ಎಂದರು ಡಾಕ್ಟರು.

ಈಗ ಅವಳು ಆ ಹೊಸ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಯೊಂದರಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾಳೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಬಸ್ಸು. ಅಲ್ಲಿಯೂ ಲೇತುಗಳಿವೆ. ಅವಳಿಗೆ ಸರ್ಟಿಫಿಕೇಟು ಇಲ್ಲವೆಂದು ಮುಟ್ಟಗೊಡುವುದಿಲ್ಲ.

ಶೆಡ್ಡು ಕೆಡವಿದ ಜಾಗವನ್ನು ಮನೆ ಕಟ್ಟುವವರು ಕೊಳ್ಳಲು ಕೇಳಿ ಬಂದಿದ್ದರು. ಮಣ್ಣು ಪರೀಕ್ಷೆ ಮಾಡಿಸಿದಾಗ ಆಳುದ್ದ ಅಗೆದರೂ ಎಣ್ಣೆ, ಲೋಹದ ಪುಡಿ. ವಾಸಕ್ಕೆ ಯೋಗ್ಯವಲ್ಲ ಎಂದು ಪರವಾನಗಿ ಸಿಗಲಿಲ್ಲ. ಕಾರ್ಖಾನೆಗೆ ನಕ್ಷೆ ಬಿಡದು, ಮನೆಗೆ ಮಣ್ಣು ಬಿಡದು. ಏಳು ವರ್ಷದಿಂದ ಅಲ್ಲಿ ಮುಳ್ಳುಗಿಡ ಬೆಳೆದಿದೆ.

ಕಳೆದ ತಿಂಗಳು ಮತ್ತೊಂದು ನೋಟಿಸು ಬಂತು: ಪಾಳು ಜಾಗಕ್ಕೆ ಬೇಲಿ ಹಾಕತಕ್ಕದ್ದು. ರಜೆಯ ದಿನ ಹೋಗಿ ಅವಳೊಬ್ಬಳೇ ಗುಂಡಿ ತೋಡಿ, ಕಂಬ ನೆಟ್ಟು, ಸಂಜೆಯೊಳಗೆ ಸುತ್ತಲೂ ತಂತಿ ಬಿಗಿದಳು.